ಟರ್ಬೊದಿಂದ ಆಯಿಲ್ ವಾಪಸ್ ಬರುವ ಪೈಪನ್ನು ಕೆಳಗೆ ಬಳಸಿ ಮೇಲೆತ್ತಿದರೆ ಆಗುತ್ತದಾ?

ಆಗುವುದಿಲ್ಲ ಮಾರಾಯ್ರೆ. ನಿಮ್ಮ ಹೊಗೆಗೆ ಕಾರಣ ಹೆಚ್ಚಾಗಿ ಅದೇ. ಹೊಸ ಟರ್ಬೊಗೆ (ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಸಾಧನ; ಒಂದೇ ಶಾಫ್ಟಿನ ಎರಡು ತುದಿಗೂ ರೆಕ್ಕೆ) ದುಡ್ಡು ಕೊಡುವುದನ್ನು ಸ್ವಲ್ಪ ತಡೆಯಿರಿ.

ನೀವು ಬರೆದದ್ದು ಇಷ್ಟು. ಹಳೆ ವ್ಯಾನಿಗೆ ಬೇರೆ ಗಾಡಿಯ ಟರ್ಬೊ ಡೀಸೆಲ್ ಎಂಜಿನ್ ಕೂರಿಸಿದ್ದೀರಿ. ಸೀಟಿನ ಕೆಳಗೆ ಜಾಗ ಸಾಲದೆ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಟರ್ಬೊಗೆ ಒಯ್ಯುವ ಕೊಳವೆ) ಬದಲಿಸಿ ಟರ್ಬೊವನ್ನು ಕೆಳಗಿಳಿಸಿದ್ದೀರಿ. ಕಂಪನಿಯ ಡ್ರೈನ್ ಪೈಪು, ಅಂದರೆ ಆಯಿಲ್ ವಾಪಸ್ ಬರುವ ಪೈಪು, ಕೂರಲಿಲ್ಲ. ಹಾಗಾಗಿ ಒಂದು ಹೋಸನ್ನು ಕ್ರಾಸ್ ಮೆಂಬರ್ (ಚಾಸಿಯ ಅಡ್ಡ ತೊಲೆ) ಅಡಿಯಿಂದ ತಂದು, ಮೇಲೆತ್ತಿ, ಚೇಂಬರಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಬದಿಗೆ ಸೇರಿಸಿದ್ದೀರಿ. ಈಗ ಐಡಲಿಂಗಿನಲ್ಲಿ ನೀಲಿ ಹೊಗೆ, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಸಾಧನ) ಹೋಸಿನಲ್ಲಿ ಆಯಿಲ್. ಮೆಕ್ಯಾನಿಕ್ ‘ಟರ್ಬೊ ಹೋಯಿತು’ ಎನ್ನುತ್ತಾರೆ.

ಟರ್ಬೊಗೆ ಆಯಿಲ್ ಹೋಗುವುದು ಪ್ರೆಶರಿನಲ್ಲಿ. ಹೊರಗೆ ಬರುವುದು ಸುಮ್ನೆ ತನ್ನ ಭಾರಕ್ಕೆ ಬಿದ್ದು. ಪಂಪ್ ಕೊಟ್ಟ ಪ್ರೆಶರ್ ಬೇರಿಂಗಿನ ಸಂದಿಯಲ್ಲೇ ಮುಗಿಯುತ್ತದೆ. ಆಚೆ ಬರುವಾಗ ಗಾಳಿ ಸೇರಿ ನೊರೆಯಾಗಿರುತ್ತದೆ. ಅದಕ್ಕೇ ಒಳಗೆ ಹೋಗುವ ಪೈಪಿಗೆ ನಾಲ್ಕೈದು ಮಿ.ಮೀ. ತೂತು ಸಾಕಾದರೆ, ವಾಪಸ್ ಪೈಪಿಗೆ 16ರಿಂದ 19 ಮಿ.ಮೀ. ಬೇಕು. ನಮ್ಮ ಕಡೆ ಮಾಡಿನ ನೀರಿಗೆ ಅಡಿಕೆ ಮರದ ದಂಬೆ ಕಟ್ಟುತ್ತೇವೆ ಅಲ್ವಾ? ನಡುವೆ ತಗ್ಗಾದರೆ ನೀರು ಅಲ್ಲೇ ಚೆಲ್ಲುತ್ತದೆ. ಟರ್ಬೊದಲ್ಲಿ ಚೆಲ್ಲುವ ಜಾಗ ಶಾಫ್ಟಿನ ಎರಡು ತುದಿ. ಅಲ್ಲಿರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ರಿಂಗ್. ಆಯಿಲ್ ತುಂಬಿ ನಿಂತರೆ ಅದು ತಡೆಯುವುದಿಲ್ಲ. ಒಂದು ಕಡೆ ಸೈಲೆನ್ಸರಿಗೆ, ಇನ್ನೊಂದು ಕಡೆ ಇಂಟರ್‌ಕೂಲರಿಗೆ ಹೋಗುತ್ತದೆ.

ಟರ್ಬೊ ಹೋಗಿದೆಯಾ ಎಂದು ಕೈಯಲ್ಲೇ ನೋಡಬಹುದು. ಎಂಜಿನ್ ತಣ್ಣಗಿರುವಾಗ ಗಾಳಿ ಹೋಸ್ ಬಿಚ್ಚಿ ಶಾಫ್ಟ್ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ತುಸು ಆಡಿದರೆ ಹೆದರಬೇಡಿ, ಶಾಫ್ಟ್ ಕೂರುವ ಬುಷ್ (ಬೇರಿಂಗ್) ಆಯಿಲ್ ಮೇಲೆ ತೇಲುವಂಥದ್ದು. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಡಿದರೆ, ಅಥವಾ ರೆಕ್ಕೆ ಹೌಸಿಂಗಿಗೆ ಉಜ್ಜಿದ ಗುರುತು ಇದ್ದರೆ ಮಾತ್ರ ಟರ್ಬೊ ಹೋಗಿದೆ.

ಬ್ರೀದರನ್ನೂ (ಚೇಂಬರಿನೊಳಗಿನ ಗಾಳಿ ಹೊರಹೋಗುವ ದಾರಿ) ನೋಡಿ. ಐಡಲಿಂಗಿನಲ್ಲಿ ಆಯಿಲ್ ಮುಚ್ಚಳ ತೆಗೆದು ಸಡಿಲವಾಗಿ ಇಟ್ಟರೆ ಅದು ಕುಣಿಯುತ್ತದಾ? ಹಾಗಿದ್ದರೆ ಚೇಂಬರಿನೊಳಗೆ ಪ್ರೆಶರ್ ಜಾಸ್ತಿ. ಆ ಪ್ರೆಶರ್ ಡ್ರೈನ್ ಪೈಪಿನಲ್ಲಿ ಮೇಲಕ್ಕೆ ಒತ್ತುತ್ತದೆ, ಆಯಿಲ್ ಇಳಿಯುವುದಿಲ್ಲ. ಎಂಜಿನ್ ಕೂರಿಸುವಾಗ ಬ್ರೀದರ್ ಹೋಸ್ ಮಡಚಿ ಹೋಗುವುದು ಮಾಮೂಲು. ಹೋಸ್ ಸರಿ ಇದ್ದೂ ಕುಣಿದರೆ ಪಿಸ್ಟನ್ ರಿಂಗ್ ಸವೆದಿರಬಹುದು.

ಈಗ ಪೈಪಿನ ವಿಷಯ. ಟರ್ಬೊದ ಡ್ರೈನ್ ಬಾಯಿ ನೇರ ಕೆಳಗೆ ನೋಡಬೇಕು, ಹೆಚ್ಚೆಂದರೆ 35 ಡಿಗ್ರಿ ಓರೆ. ಅಲ್ಲಿಂದ ಚೇಂಬರ್ ತನಕ ಪೈಪು ಇಳಿಯುತ್ತಲೇ ಇರಬೇಕು, ಎಲ್ಲೂ ಕಿರಿದಾಗಬಾರದು. ಸೇರುವ ಜಾಗ ಆಯಿಲ್ ಲೆವೆಲಿಗಿಂತ ಮೇಲೆ ಇರಬೇಕು. ನಿಮ್ಮದರಲ್ಲಿ ಪೈಪು ಇಳಿದು ಮತ್ತೆ ಏರುವುದೇ ತಪ್ಪು.

ಲೆವೆಲ್ ಗುರುತಿಸಲು ಮೇಸ್ತ್ರಿಗಳ ಲೆವೆಲ್ ಪೈಪು ಸಾಕು. ವ್ಯಾನನ್ನು ಸಮತಟ್ಟಿನಲ್ಲಿ ನಿಲ್ಲಿಸಿ. ಆಯಿಲ್ ಪೂರ್ತಿ ತೆಗೆದು, ಚೇಂಬರಿನ ಅಡಿಯ ಡ್ರೈನ್ ಪ್ಲಗ್ಗಿನ ಜಾಗಕ್ಕೆ ನಿಪ್ಪಲ್ ಹಾಕಿ ಆ ಪೈಪು ಸಿಕ್ಕಿಸಿ. ಇನ್ನೊಂದು ತುದಿ ಮೇಲೆ ಕಟ್ಟಿಟ್ಟು ಡಿಪ್‌ಸ್ಟಿಕ್ಕಿನ ಫುಲ್ ಗುರುತಿನವರೆಗೆ ಆಯಿಲ್ ಹಾಕಿ. ಪೈಪಿನಲ್ಲಿ ಆಯಿಲ್ ಎಲ್ಲಿ ನಿಂತಿತೋ ಅಲ್ಲಿಗೆ ಚೇಂಬರಿನ ಹೊರಮೈಯಲ್ಲಿ ಗೆರೆ ಎಳೆಯಿರಿ. ಡ್ರೈನ್ ಪೈಪು ಸೇರುವ ತೂತನ್ನು ಗೆರೆಗೆ ತಾಗಿಸಿಯೇ ಕೊರೆದರೂ ಸಾಲದು. ಎಂಜಿನ್ ಉದ್ದಕ್ಕೆ ಕೂತಿದ್ದು, ಚೇಂಬರ್ 50 ಸೆಂ.ಮೀ. ಉದ್ದ ಇದೆ ಅಂದುಕೊಳ್ಳಿ. ನೂರಕ್ಕೆ ಹತ್ತರ ಏರಿನಲ್ಲಿ ಹಿಂದಿನ ತುದಿಯ ಆಯಿಲ್ ಎರಡೂವರೆ ಸೆಂ.ಮೀ. ಮೇಲೇರುತ್ತದೆ. ನೀವು ಜಾಲ್ಸೂರು ದಾಟಿ ಸಂಪಾಜೆ ಘಾಟಿ ಹತ್ತುವವರು. ಅಷ್ಟು ಹೊತ್ತು ತೂತು ಮುಳುಗಿದ್ದರೆ ಮಡಿಕೇರಿ ತನಕ ಹೊಗೆಯೇ. ಹಾಗಾಗಿ ತೂತು ಉದ್ದದಲ್ಲಿ ನಡುಭಾಗಕ್ಕೆ, ಗೆರೆಗಿಂತ ಮೂರ್ನಾಲ್ಕು ಸೆಂ.ಮೀ. ಮೇಲೆ ಇರಲಿ. ಕ್ರ್ಯಾಂಕ್ ತಿರುಗಿ ಆಯಿಲ್ ಎರಚುವ ಬದಿ ಬೇಡ.

ಚೇಂಬರನ್ನು ಇಳಿಸಿಯೇ ಕೊರೆಯಬೇಕು. ಎಂಜಿನ್ನಿನಲ್ಲಿ ಇದ್ದ ಹಾಗೇ ಕೊರೆದು ‘ಗ್ರೀಸ್ ಹಚ್ಚಿದರೆ ಚೂರು ಅಂಟುತ್ತದೆ’ ಎನ್ನುವವರಿದ್ದಾರೆ, ಕೇಳಬೇಡಿ. ತಗಡಿನ ಚೇಂಬರ್ ಆದರೆ ನಿಪ್ಪಲ್ ಬೆಸುಗೆ ಮಾಡಿಸಿ. ಹೊರಗೆ ಚಾಕ್ ಬಳಿದು, ಒಳಗೆ ಸೀಮೆಎಣ್ಣೆ ಹಾಕಿ ಸ್ವಲ್ಪ ಹೊತ್ತು ಇಡಿ. ಲೀಕ್ ಇದ್ದಲ್ಲಿ ಚಾಕ್ ಮೇಲೆ ಕಪ್ಪಗೆ ಒದ್ದೆ ಕಲೆ ಮೂಡುತ್ತದೆ.

ಪೈಪು ಕಬ್ಬಿಣದ್ದೇ ಇರಲಿ, ಜಾಯಿಂಟಿಗೆ ಮಾತ್ರ ಗಿಡ್ಡ ಹೋಸ್. ರೇಡಿಯೇಟರ್ ಹೋಸ್ ಹಾಕಿದರೆ ಆಯಿಲಿಗೆ ಉಬ್ಬಿ ಮೆತ್ತಗಾಗುತ್ತದೆ. ಬರೀ ಸಿಲಿಕಾನ್ ಹೋಸಿನಲ್ಲೂ ಆಯಿಲ್ ಜಿನುಗುತ್ತದೆ. ಒಳಗೆ ವಿಟಾನ್ (ಆಯಿಲಿಗೆ ಹಾಳಾಗದ ರಬ್ಬರ್) ಪದರ ಇರುವುದನ್ನು ಕೇಳಿ ತನ್ನಿ. ಫ್ಲೇಂಜಿಗೆ ಪ್ಯಾಕಿಂಗ್ ಮಾತ್ರ, ಪೇಸ್ಟ್ ಬೇಡ. ಹಿಂಡಿದ ಪೇಸ್ಟ್ ಒಳಗೆ ಹೋಗಿ ದಾರಿ ಮುಚ್ಚುತ್ತದೆ.

ಕ್ರಾಸ್ ಮೆಂಬರ್ ಕತ್ತರಿಸುವ ಯೋಚನೆಯೇ ಬೇಡ. ಟರ್ಬೊ ತೀರಾ ಕೆಳಗಿದ್ದು ಇಳಿಜಾರು ಸಿಗದಿದ್ದರೆ ಮ್ಯಾನಿಫೋಲ್ಡಿಗೂ ಟರ್ಬೊಗೂ ನಡುವೆ ಸ್ಪೇಸರ್ ಕೊಟ್ಟು ಟರ್ಬೊವನ್ನು ಎತ್ತರಿಸಿ. ಆಯಿಲ್ ಎಳೆಯುವ ಸ್ಕ್ಯಾವೆಂಜ್ ಪಂಪೂ ಉಂಟು, ಆದರೆ ಅದು ಕೆಟ್ಟ ದಿನ ಮತ್ತೆ ಇದೇ ಕಥೆ. ನಾನಂತೂ ಹಾಕಿಸುವುದಿಲ್ಲ.

ಇದು ಮುಗಿಯುವವರೆಗೆ ವ್ಯಾನ್ ಓಡಿಸಬೇಡಿ. ಇಂಟರ್‌ಕೂಲರಿನಲ್ಲಿ ನಿಂತ ಆಯಿಲನ್ನು ಡೀಸೆಲ್ ಎಂಜಿನ್ ಎಳೆದುಕೊಂಡರೆ ಅದರಲ್ಲೇ ಓಡುತ್ತದೆ. ಕೀ ತೆಗೆದರೂ ನಿಲ್ಲದೆ ರೇಸ್ ಏರುತ್ತದೆ. ಆಗ ಮೇಲಿನ ಗೇರಿಗೆ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಟ್ಟು ಆಫ್ ಮಾಡಿಸಬೇಕು. ಗಾಳಿ ಬರುವ ಬಾಯಿಗೆ ಹಲಗೆ ಒತ್ತಿದರೂ ನಿಲ್ಲುತ್ತದೆ, ಕೈ ಮಾತ್ರ ಹಾಕಬೇಡಿ. ಪೈಪು ಬದಲಿಸುವಾಗ ಇಂಟರ್‌ಕೂಲರ್ ಇಳಿಸಿ ತೊಳೆಯಿರಿ. ಸೈಲೆನ್ಸರಿನಲ್ಲಿ ಕೂತ ಆಯಿಲ್ ಉರಿದು ಮುಗಿಯುವವರೆಗೆ ಹೊಗೆ ಇದ್ದೇ ಇರುತ್ತದೆ, ಅದನ್ನು ನೋಡಿ ಮತ್ತೆ ಟರ್ಬೊ ಬಿಚ್ಚಲು ಹೋಗಬೇಡಿ.

ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಏರಿಸಿದ್ದೀರಿ ತಾನೇ? ಇಲ್ಲದಿದ್ದರೆ ಕಾಸರಗೋಡು ಆರ್‌ಟಿಒ ಆಫೀಸಿಗೆ ಒಮ್ಮೆ ಹೋಗಿ ಕೇಳಿ.