ಐದು ಗಂಟೆಯ ಕಾಫಿ ಯಾರು ಕೊಟ್ಟರು?

ಓದುಗರ ಪತ್ರ: ನಾನು ಅಂಚೆ ಇಲಾಖೆಯಿಂದ ನಿವೃತ್ತನಾದವನು, ಸಾಗರದಲ್ಲಿ ವಾಸ. ನಿಮ್ಮ ವಾರಪತ್ರಿಕೆಯ ಧಾರಾವಾಹಿಯನ್ನು ಜುಲೈನಿಂದ ಪ್ರತಿ ಗುರುವಾರ ರಾತ್ರಿ ನನ್ನ ಹೆಂಡತಿಗೆ ಓದಿ ಹೇಳುತ್ತಿದ್ದೆ. ಆಕೆಗೆ ಕಣ್ಣು ಮಂಜಾಗಿದೆ. 14 ಕಂತುಗಳಾದ ಮೇಲೆ ನಿಂತುಹೋಯಿತು. ಮೂರು ವಾರ ‘ಅನಿವಾರ್ಯ ಕಾರಣಗಳಿಂದ’ ಎಂದು ಹಾಕಿದಿರಿ, ಆಮೇಲೆ ಅದೂ ಇಲ್ಲ. ಲೇಖಕಿ ಶಾಲಾ ಶಿಕ್ಷಕಿ ಎಂದು ಪರಿಚಯದಲ್ಲಿ ಬರೆದಿದ್ದಿರಿ. ದಸರಾ ರಜೆ, ದೀಪಾವಳಿ ರಜೆ ಎಲ್ಲ ಸಿಕ್ಕೂ ಬರೆಯದವರು ಇನ್ನು ಯಾವಾಗ ಬರೆಯುತ್ತಾರೆ? ನಮ್ಮ ಹಾಗೆಯೇ ಅಂಚೆ ಕಚೇರಿಯಲ್ಲಿ ದುಡಿದ ಇಂಗ್ಲೆಂಡಿನ ಆಂಟನಿ ಟ್ರಾಲಪ್, ನೌಕರಿಯ ಜೊತೆಯಲ್ಲೇ ಬೆಳಗಿನ ಜಾವ ಎದ್ದು ಬರೆದು 47 ಕಾದಂಬರಿಗಳ ಲೇಖಕನಾದ. ಹೊಸ ವರ್ಷಕ್ಕಾದರೂ ನಿಮ್ಮ ಲೇಖಕಿ ಒಂದು ಗುರಿ ಇಟ್ಟುಕೊಳ್ಳಲಿ. ಅರಸೀಕೆರೆ ನಿಲ್ದಾಣದಲ್ಲಿ ನಿಂತಿದ್ದ ಆ ಹಿರಿಯ ಸೊಸೆ ರೈಲು ಹತ್ತಿದಳೋ ಇಲ್ಲವೋ ಎಂದು ನನ್ನ ಹೆಂಡತಿ ದಿನವೂ ಕೇಳುತ್ತಾಳೆ.

ಸಂಪಾದಕರ ಉತ್ತರ:

ಮಾನ್ಯರೇ,

ಮೊದಲು ಕ್ಷಮೆ ಕೇಳುತ್ತೇನೆ. ‘ಅನಿವಾರ್ಯ ಕಾರಣಗಳಿಂದ’ ಎಂಬ ಎರಡು ಪದಗಳನ್ನು ಪುಟದ ಮೂಲೆಯಲ್ಲಿ ಹಾಕಿ ಕೈತೊಳೆದುಕೊಂಡದ್ದು ನಾವು, ಲೇಖಕಿಯಲ್ಲ. ಪ್ರತಿ ಗುರುವಾರ ಗಟ್ಟಿಯಾಗಿ ಓದುವ ಒಂದು ಮನೆಗೆ ಕಾರಣ ತಿಳಿದುಕೊಳ್ಳುವ ಹಕ್ಕಿದೆ. ನಿಮ್ಮ ಪತ್ರವನ್ನು ಲೇಖಕಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ‘ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ’ ಎಂದು ಅವರು ಒಪ್ಪಿಗೆ ಕೊಟ್ಟಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಅವರು ಹಾಸನದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಾರೆ. ನೀವು ಹೇಳಿದ ದಸರಾ ರಜೆ ಬರುವ ಹೊತ್ತಿಗೆ, 2025ರ ಸೆಪ್ಟೆಂಬರ್ 22ರಂದು, ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆ ಮನೆಗೆ ಹೋದ ಗಣತಿದಾರರಲ್ಲಿ ಹೆಚ್ಚಿನವರು ಶಿಕ್ಷಕರು; ಇವರೂ ಒಬ್ಬರು. ಒಂದೊಂದು ಮನೆಯಲ್ಲೂ 60 ಪ್ರಶ್ನೆ, ಉತ್ತರವನ್ನೆಲ್ಲ ಮೊಬೈಲ್‌ನಲ್ಲಿ ತುಂಬಬೇಕು. ಅಕ್ಟೋಬರ್ 7ಕ್ಕೆ ಮುಗಿಯಬೇಕಾಗಿದ್ದ ಕೆಲಸ 18ರವರೆಗೆ ಮುಂದುವರಿಯಿತು, ಶಾಲೆಗಳ ರಜೆಯೂ ಅದರ ಜೊತೆಗೆ ಬೆಳೆಯಿತು. ಮಕ್ಕಳಿಗೆ ಅದು ರಜೆಯೇ. ಇವರು ಮಾತ್ರ ಬೆಳಗ್ಗೆ ಎಂಟಕ್ಕೆ ಛತ್ರಿ ಹಿಡಿದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಆ ಕೆಲಸದ ಬಗ್ಗೆ ಅವರಿಗೆ ಬೇಸರವಿಲ್ಲ. ಒಂದು ಮನೆಯಲ್ಲಿ ವಯಸ್ಸು ಕೇಳಿದಾಗ ಅಜ್ಜಿಯೊಬ್ಬರು ‘ಕೆರೆ ಕೋಡಿ ಬಿದ್ದ ವರ್ಷ ನಾನು ತೊಟ್ಟಿಲಲ್ಲಿದ್ದೆ’ ಎಂದರಂತೆ. ಹಾಗೆ ಲೆಕ್ಕ ಇಡುವವರು ಇನ್ನೂ ಇದ್ದಾರಲ್ಲ ಎಂದು ಹೇಳುವಾಗ ಅವರ ದನಿಯಲ್ಲಿ ಸಂತೋಷವಿತ್ತು.

ಇನ್ನು ದೀಪಾವಳಿ. ಹಾಸನದಲ್ಲಿ ಮನೆಯಿದ್ದವರಿಗೆ ದೀಪಾವಳಿ ಮೂರು ದಿನದ ಹಬ್ಬವಲ್ಲ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಂದೇ ಸಲ, ಆಶ್ವಯುಜ ಹುಣ್ಣಿಮೆಯಾದ ಮೇಲಿನ ಗುರುವಾರ ತೆರೆಯುತ್ತದೆ. ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. 2025ರಲ್ಲಿ ಅದು ಅಕ್ಟೋಬರ್ 9ರಿಂದ 23ರವರೆಗೆ ನಡೆಯಿತು. ಮೈಸೂರಿನ ನಾದಿನಿ, ಬೆಂಗಳೂರಿನ ಓರಗಿತ್ತಿಯ ಮನೆಯವರು, ಅವರ ನೆರೆಮನೆಯವರು, ಎಲ್ಲರಿಗೂ ದರ್ಶನಕ್ಕೆ ಮೊದಲು ಸ್ನಾನ, ದರ್ಶನವಾದ ಮೇಲೆ ಊಟ ಇದೇ ಮನೆಯಲ್ಲಿ. ಸರತಿ ಸಾಲಿನಲ್ಲಿ ನಿಂತು ನಡುರಾತ್ರಿ ಬಂದವರಿಗೂ ಬಿಸಿ ಅನ್ನ ಬೇಕು. ಆ ದಿನಗಳಲ್ಲಿ ಬಂದು ಹೋದವರು 31 ಮಂದಿ. ಸಮೀಕ್ಷೆಯ ಅಭ್ಯಾಸದಿಂದ ಈ ಲೆಕ್ಕವೂ ಅವರ ಬಾಯಲ್ಲಿತ್ತು.

ಹಂಡೆ ಉಜ್ಜಿ ನೀರು ತುಂಬುವುದು, ಕಜ್ಜಾಯದ ಅಕ್ಕಿ ನೆನೆಸಿ ಆರಿಸಿ ಹಿಟ್ಟು ಮಾಡಿಸುವುದು, ಬೆಲ್ಲದ ಪಾಕದ ಹದಕ್ಕೆ ಕಾಯುವುದು ಇವನ್ನೆಲ್ಲ ನಿಮ್ಮ ಮನೆಯವರಿಗೆ ನಾನು ವಿವರಿಸಬೇಕಿಲ್ಲ. ಒಂದು ಸಂಗತಿ ಮಾತ್ರ ಹೇಳಬೇಕು. ಬಲಿಪಾಡ್ಯಮಿಯ ದಿನ ಕೊನೆಯ ಪಂಕ್ತಿ ಎದ್ದ ಮೇಲೆ, ಮಧ್ಯಾಹ್ನ ಮೂರು ದಾಟಿತ್ತು, ಅವರು ಅಡುಗೆಮನೆಯಲ್ಲಿ ತಟ್ಟೆ ಹಾಕಿಕೊಂಡು ಕುಳಿತರು. ಮೊದಲ ತುತ್ತು ಬಾಯಿಗಿಡುವಾಗ ತಮ್ಮ ಕಾದಂಬರಿಯ ಹಿರಿಯ ಸೊಸೆ ಕಣ್ಣೆದುರು ಬಂದಳು. 14 ಕಂತುಗಳಲ್ಲಿ ಆಕೆ ಎಷ್ಟೋ ಸಲ ಬಡಿಸಿದ್ದಾಳೆ, ಎಲೆ ಎತ್ತಿದ್ದಾಳೆ, ಉಳಿದದ್ದನ್ನು ಮುಚ್ಚಿಟ್ಟಿದ್ದಾಳೆ. ಒಮ್ಮೆಯೂ ಉಂಡಿಲ್ಲ. ಬರೆದವರಿಗೇ ಅದು ಗೊತ್ತಿರಲಿಲ್ಲ. ಕೈ ತೊಳೆದು ಬಂದು, ದಿನಸಿ ಚೀಟಿಯ ಹಿಂಬದಿಯಲ್ಲಿ ‘ಅವಳು ಊಟ ಮಾಡಬೇಕು’ ಎಂದು ಬರೆದಿಟ್ಟರು. ಇಡೀ ರಜೆಯಲ್ಲಿ ಕಾದಂಬರಿಗೆಂದು ಅವರು ಬರೆದದ್ದು ಈ ಮೂರು ಪದ. ಕಾದಂಬರಿ ಅಲ್ಲಿಂದ ಮುಂದೆ ಬೇರೆಯದೇ ಆಗುತ್ತದೆ ಎಂದು ನನಗೆ ಅನಿಸುತ್ತದೆ.

ನವೆಂಬರ್ ಬಂತಲ್ಲ, ಆಗ ಬರೆಯಬಹುದಿತ್ತು ಎಂದು ನೀವು ಕೇಳಬಹುದು. ನವೆಂಬರ್ ರಾಜ್ಯೋತ್ಸವದ ತಿಂಗಳು. ಕನ್ನಡ ಪಾಠ ಮಾಡುವವರು, ಅದರಲ್ಲೂ ಪತ್ರಿಕೆಯಲ್ಲಿ ಧಾರಾವಾಹಿ ಬರೆಯುತ್ತಿರುವವರು ಎಂದರೆ ಯಾವ ಸಂಘದವರೂ ಬಿಡುವುದಿಲ್ಲ. ಐದು ಸಮಾರಂಭ, ಐದು ಶಾಲು, ಐದು ಹಣ್ಣಿನ ಬುಟ್ಟಿ. ಪ್ರತಿಯೊಂದಕ್ಕೂ ಒಂದು ಭಾನುವಾರ ಅಥವಾ ಒಂದು ಸಂಜೆ. ಲೇಖಕಿಯನ್ನು ಗೌರವಿಸುತ್ತಿದ್ದೇವೆ ಎಂದುಕೊಂಡೇ ನಾವು ಅವರ ಬರೆಯುವ ಹೊತ್ತನ್ನು ಕಿತ್ತುಕೊಳ್ಳುತ್ತೇವೆ. ಆ ಐದರಲ್ಲಿ ಒಂದು ನಮ್ಮ ಪತ್ರಿಕೆಯದೇ ಕಾರ್ಯಕ್ರಮವಾಗಿತ್ತು. ಕಂತು ಕಳುಹಿಸಿ ಎಂದು ಕೇಳುತ್ತಿದ್ದ ನಾನೇ, ಬಂದು ಮಾತನಾಡಿ ಎಂದೂ ಕೇಳಿದೆ. ಇದು ನನ್ನನ್ನು ಇನ್ನೂ ಕೊರೆಯುತ್ತಿದೆ. ಡಿಸೆಂಬರ್‌ನಲ್ಲಿ ಶಾಲಾ ವಾರ್ಷಿಕೋತ್ಸವ, ಹತ್ತನೆಯ ತರಗತಿಗೆ ವಿಶೇಷ ತರಗತಿ.

ಕಾದಂಬರಿಯ ಕೆಲಸದಲ್ಲಿ ಇನ್ನೊಂದು ತೊಂದರೆಯಿದೆ. ಹತ್ತು ದಿನ ಬಿಟ್ಟರೆ ಹನ್ನೊಂದನೆಯ ದಿನ ನಿಂತಲ್ಲಿಂದ ಮುಂದುವರಿಯಲು ಆಗುವುದಿಲ್ಲ. ಹಿಂದಿನದನ್ನೆಲ್ಲ ಓದಬೇಕು, ಯಾರು ಯಾರಿಗೆ ಏನು ಹೇಳಿದ್ದರು, ಯಾವುದನ್ನು ಹೇಳದೆ ಉಳಿಸಿದ್ದರು ಎಂಬುದು ಮತ್ತೆ ಮನಸ್ಸಿಗೆ ಬರಬೇಕು. ಆ ದನಿ ಕಿವಿಗೆ ಸಿಕ್ಕುವುದಕ್ಕೇ ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಮನೆಗೆ ಇನ್ನೊಬ್ಬರು ಬಂದಿರುತ್ತಾರೆ.

ಈಗ ನಿಮ್ಮ ಟ್ರಾಲಪ್ ವಿಷಯ. ಅಂಚೆ ಇಲಾಖೆಯವರು ಅವನನ್ನು ನೆನೆಯುವುದು ನನಗೆ ಬಹಳ ಇಷ್ಟವಾಯಿತು. ನೀವು ಬರೆದದ್ದು ನಿಜ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯಬೇಕೆಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಿದ್ದ. 1867ರಲ್ಲಿ ಇಲಾಖೆ ಬಿಡುವವರೆಗೂ ಕಚೇರಿಯ ಕೆಲಸವನ್ನೂ ಬಿಗಿಯಾಗಿ ಮಾಡಿದ. ಆದರೆ 1883ರಲ್ಲಿ, ಅವನು ತೀರಿಕೊಂಡ ಮರುವರ್ಷ ಹೊರಬಂದ ಆತ್ಮಕಥೆಯಲ್ಲಿ ಇನ್ನೂ ಒಂದು ಮಾತಿದೆ. ಅವನನ್ನು ಎಬ್ಬಿಸಿ ಕಾಫಿ ತಂದುಕೊಡುವುದಕ್ಕೆ ಮನೆಯಲ್ಲಿ ಕುದುರೆ ನೋಡಿಕೊಳ್ಳುವ ಒಬ್ಬ ಹಳೆಯ ಆಳಿದ್ದ. ಅದಕ್ಕೆಂದೇ ಆ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚು ಸಂಬಳ. ಅಷ್ಟೂ ವರ್ಷಗಳಲ್ಲಿ ಒಂದು ದಿನವೂ ಕಾಫಿ ತಡವಾಗಲಿಲ್ಲವಂತೆ. ತನ್ನ ಯಶಸ್ಸಿಗೆ ಬೇರೆ ಎಲ್ಲರಿಗಿಂತ ಹೆಚ್ಚಾಗಿ ಆ ಮನುಷ್ಯನಿಗೇ ಋಣಿಯಾಗಿರಬೇಕೇನೋ ಎಂಬ ಅರ್ಥದಲ್ಲಿ ಟ್ರಾಲಪ್ ಬರೆದಿದ್ದಾನೆ. ಅದನ್ನು ಮುಚ್ಚಿಡದೆ ಹೇಳಿದ್ದಕ್ಕಾಗಿ ಅವನ ಮೇಲೆ ನನಗೆ ಗೌರವ ಹೆಚ್ಚು.

ನಮ್ಮ ಲೇಖಕಿಯೂ ಐದಕ್ಕೇ ಏಳುತ್ತಾರೆ, ಇಪ್ಪತ್ತು ವರ್ಷಗಳಿಂದ. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಮನೆಯ ಐದು ಜನಕ್ಕೂ ಕಾಫಿ ಕೊಡುವವರು ಅವರೇ. ಬೆಳಗಿನ ಜಾವ ಏಳುವ ಛಲ ಅವರಲ್ಲಿ ಇಲ್ಲವೆಂದಲ್ಲ. ಆ ಛಲವೆಲ್ಲ ಒಲೆಯ ಮುಂದೆಯೇ ಖರ್ಚಾಗುತ್ತಿತ್ತು.

ಇಲ್ಲಿ ಎಂ.ಕೆ. ಇಂದಿರಾ ಅವರ ನೆನಪಾಗುತ್ತದೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾದದ್ದು 1963ರಲ್ಲಿ. ‘ಫಣಿಯಮ್ಮ’ ಬಂದಾಗ 1976. ತಡವಾಗಿ ಶುರುಮಾಡಿಯೂ ಎಷ್ಟು ಬರೆದರು ಎಂದು ನಾವು ವೇದಿಕೆಗಳಲ್ಲಿ ಕೊಂಡಾಡುತ್ತೇವೆ. ಆ ನಲವತ್ತೈದು ವರ್ಷ ಆ ಕಥೆಗಳೆಲ್ಲ ಎಲ್ಲಿ ಕಾಯುತ್ತಿದ್ದವು, ಎಷ್ಟು ಹಬ್ಬಗಳ ಅಡುಗೆಯ ಹಿಂದೆ ಕುಳಿತಿದ್ದವು ಎಂದು ಯಾರೂ ಕೇಳುವುದಿಲ್ಲ. ಅದೇ ಹೊತ್ತಿನಲ್ಲಿ, 1963ರಲ್ಲಿ, ತ್ರಿವೇಣಿ ಮೂವತ್ತೈದು ತುಂಬುವ ಮೊದಲೇ ಬಾಣಂತಿತನದಲ್ಲಿ ತೀರಿಕೊಂಡರು. ಹತ್ತೇ ವರ್ಷಗಳಲ್ಲಿ ಅಷ್ಟೆಲ್ಲ ಬರೆದ ಕೈ ಅದು. ಕನ್ನಡದಲ್ಲಿ ಹೆಂಗಸರು ಬರೆದ ಕಾದಂಬರಿಗಳ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಅವರಿಗೆ ದಿನದ ಯಾವ ಗಂಟೆ ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದರಿಂದಲೇ ಶುರುಮಾಡಬೇಕು ಎಂದು ನಾನು ನಂಬಿದ್ದೇನೆ.

ನಮ್ಮ ತಪ್ಪಿನ ಲೆಕ್ಕ ಒಪ್ಪಿಸುತ್ತೇನೆ. ಜುಲೈ ಮೊದಲ ವಾರ ಧಾರಾವಾಹಿ ಶುರುಮಾಡಿದಾಗ ನಮ್ಮ ಕೈಯಲ್ಲಿದ್ದದ್ದು 6 ಕಂತು. ಮುಂದಿನ 14 ವಾರಗಳಲ್ಲಿ, ಶಾಲೆಯ ಕೆಲಸದ ನಡುವೆ, ಅವರು 8 ಕಂತು ಬರೆದು ಕಳುಹಿಸಿದರು. ಅದೇನು ಕಡಿಮೆಯಲ್ಲ. ಅಕ್ಟೋಬರ್ 2ರ ಸಂಚಿಕೆಗೆ ನಮ್ಮ ಗಂಟು ಖಾಲಿಯಾಯಿತು. ನವರಾತ್ರಿಯಿಂದ ಸಂಕ್ರಾಂತಿಯವರೆಗೆ ಇಂಥ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದು ಪಂಚಾಂಗದಲ್ಲೇ ಇದೆ. ಅದನ್ನು ನೋಡಿ ಶುರುಮಾಡಬೇಕಾಗಿದ್ದವನು ನಾನು. ಓದುಗರಿಗೆ ನಿಜ ಹೇಳಬೇಕಾಗಿದ್ದವನೂ ನಾನು. 1837ರ ಮೇ ತಿಂಗಳಲ್ಲಿ ಚಾರ್ಲ್ಸ್ ಡಿಕನ್ಸ್ ಎರಡು ಕಾದಂಬರಿಗಳನ್ನು ಒಟ್ಟಿಗೆ ಕಂತುಗಳಲ್ಲಿ ಬರೆಯುತ್ತಿದ್ದಾಗ, ಮನೆಯಲ್ಲೇ ಇದ್ದ ಹದಿನೇಳು ವರ್ಷದ ನಾದಿನಿ ಮೇರಿ ಹಠಾತ್ತನೆ ತೀರಿಕೊಂಡಳು. ಜೂನ್‌ನಲ್ಲಿ ಎರಡರ ಕಂತೂ ಬರಲಿಲ್ಲ. ಲೇಖಕನಿಗೆ ಹುಚ್ಚು ಹಿಡಿದಿದೆ, ಸತ್ತೇ ಹೋದ ಎಂಬ ಸುದ್ದಿಗಳೆಲ್ಲ ಹಬ್ಬಿದವು. ಆ ಎರಡರಲ್ಲಿ ಒಂದಾದ ಪಿಕ್‌ವಿಕ್‌ನ ಮುಂದಿನ ಕಂತಿನ ಜೊತೆಗೆ ಕಾರಣವನ್ನು ಸ್ಪಷ್ಟವಾಗಿ ಅಚ್ಚುಹಾಕಿದರು. ಆಪ್ತರೊಬ್ಬರ ಸಾವನ್ನೇ ಓದುಗರಿಗೆ ಹೇಳಬಹುದಾಗಿದ್ದರೆ, ಮೂವತ್ತೊಂದು ನೆಂಟರ ವಿಷಯ ಹೇಳಲು ನನಗೇನು ಅಡ್ಡಿಯಿತ್ತು?

ಹೊಸ ವರ್ಷದ ಗುರಿ ಕೇಳಿದ್ದೀರಿ. ಲೇಖಕಿಯ ಗುರಿ ಇದು: ದಿನಕ್ಕೆ ಒಂದು ಪುಟ, ಭಾನುವಾರ ಎರಡು. ಅವರು ಬರೆಯುವುದು ಉದ್ದನೆಯ ನೋಟ್ ಪುಸ್ತಕದಲ್ಲಿ, ಪುಟಕ್ಕೆ ಸುಮಾರು 200 ಪದ. ವಾರಕ್ಕೆ 8 ಪುಟವೆಂದರೆ ನಮ್ಮ ಒಂದು ಕಂತು. ಜನವರಿ 1ರಿಂದ ಯುಗಾದಿಗೆ, ಅಂದರೆ ಮಾರ್ಚ್ 19ಕ್ಕೆ, ಸರಿಯಾಗಿ 11 ವಾರ. ಅದರಲ್ಲಿ ಸಂಕ್ರಾಂತಿಯ ವಾರವನ್ನೂ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಸಿದ್ಧತೆಗೆ ಮಾರ್ಚ್‌ನ ಒಂದು ವಾರವನ್ನೂ ಅವರು ಮೊದಲೇ ಕಳೆದಿಟ್ಟಿದ್ದಾರೆ. ಉಳಿದದ್ದು 9. ದಿನಕ್ಕೆ ಸಾವಿರ ಪದ ಬರೆಯುತ್ತೇನೆ ಎಂಬ ಸಂಕಲ್ಪಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಸಂಕ್ರಾಂತಿಯ ಕೊಬ್ಬರಿ ಹೆಚ್ಚುವ ದಿನಗಳನ್ನೂ ಲೆಕ್ಕಕ್ಕೆ ಹಿಡಿದ ಸಂಕಲ್ಪ ಇದೇ ಮೊದಲು. ಇದರ ಮೇಲೆ ನನಗೆ ಪೂರ್ತಿ ಭರವಸೆಯಿದೆ.

ಆದರೆ ಗುರಿ ಅವರೊಬ್ಬರದೇ ಆಗಿಲ್ಲ. ನಿಮ್ಮ ಪತ್ರ ಬಂದ ದಿನ ಸ್ಪೀಕರ್ ಹಾಕಿದ್ದ ಫೋನಿನಲ್ಲಿ ಟ್ರಾಲಪ್‌ನ ಆಳಿನ ಕಥೆಯನ್ನೂ ನಾನು ಹೇಳಿದೆ, ಮನೆಯವರೆಲ್ಲ ಕೇಳಿಸಿಕೊಂಡರು. ಜನವರಿಯಿಂದ ಬೆಳಗಿನ ಕಾಫಿ ಅವರ ಯಜಮಾನರದು. ತಿಂಡಿಗೆ ಹೆಚ್ಚಿಕೊಡುವುದು ಪಿಯುಸಿ ಓದುವ ಮಗನದು. ಎಳ್ಳುಬೆಲ್ಲದ ಕೆಲಸವನ್ನು ಅತ್ತೆಯವರು ವಹಿಸಿಕೊಂಡಿದ್ದಾರೆ. ಅವರೂ ಧಾರಾವಾಹಿಯ ಓದುಗರು, ನಿಲ್ಲಿಸಿದ್ದಕ್ಕೆ ನಿಮ್ಮಷ್ಟೇ ಕೋಪ ಅವರಿಗೂ ಇತ್ತು. ಐದರಿಂದ ಆರೂಕಾಲರವರೆಗೆ ನಡುಮನೆಯ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಏಪ್ರಿಲ್‌ವರೆಗೆ ಯಾವ ಸನ್ಮಾನಕ್ಕೂ ಒಪ್ಪುವುದಿಲ್ಲ ಎಂದಿದ್ದಾರೆ. ನಮ್ಮ ಪತ್ರಿಕೆಯೂ ಕರೆಯುವುದಿಲ್ಲ.

ಪತ್ರಿಕೆಯ ಕಡೆಯಿಂದ ಒಂದು ನಿಯಮ ಮಾಡಿಕೊಂಡಿದ್ದೇವೆ. ಮುಕ್ಕಾಲು ಭಾಗದ ಹಸ್ತಪ್ರತಿ ಕೈಗೆ ಬಾರದೆ ಇನ್ನು ಯಾವ ಧಾರಾವಾಹಿಯನ್ನೂ ಶುರುಮಾಡುವುದಿಲ್ಲ. ಈ ಕಾದಂಬರಿಯದು ಒಟ್ಟು 26 ಕಂತು, 14 ಬಂದಾಗಿದೆ. ಯುಗಾದಿಗೆ 9 ಸಿದ್ಧವಾದರೆ ಬಾಕಿ 3. ಅದನ್ನು ಬೇಸಿಗೆಯಲ್ಲಿ ಬರೆಯುತ್ತಾರೆ. ಬರಹ ನಿಲ್ಲುವ ಪ್ರಸಂಗ ಬಂದರೆ ಕಾರಣವನ್ನು ಇದೇ ಪುಟದಲ್ಲಿ ನನ್ನ ಮಾತಿನಲ್ಲೇ ತಿಳಿಸುತ್ತೇನೆ. ಹಿಂದಿನ 14 ಕಂತುಗಳನ್ನು ಕತ್ತರಿಸಿ ಹೊಲಿದಿಟ್ಟುಕೊಂಡಿದ್ದೇನೆ, ಎರಡು ಸಂಚಿಕೆ ಮಾತ್ರ ಸಿಗಲಿಲ್ಲ ಎಂದು ನೀವು ಪತ್ರದ ಕೊನೆಯಲ್ಲಿ, ಇಲ್ಲಿ ಅಚ್ಚಾಗದ ಭಾಗದಲ್ಲಿ, ಬರೆದಿದ್ದಿರಿ. ಆ ಎರಡನ್ನೂ ಅಂಚೆಯಲ್ಲಿ ಕಳುಹಿಸಿದ್ದೇವೆ.

ನಿಮ್ಮ ಮನೆಯವರ ಪ್ರಶ್ನೆ ಉಳಿಯಿತು. ರೈಲು ಹತ್ತಿದಳೋ ಇಲ್ಲವೋ ಎಂಬುದನ್ನು ಲೇಖಕಿ ನನಗೂ ಹೇಳಿಲ್ಲ. ಹದಿನೈದನೆಯ ಕಂತಿನ ಮೊದಲ ಪುಟವನ್ನು ಮಾತ್ರ ಓದಿ ಹೇಳಿದರು, ಅದನ್ನು ನಿಮ್ಮ ಮನೆಯವರಿಗೆ ತಲುಪಿಸಲೂ ಹೇಳಿದರು. ಆಕೆ ಅರಸೀಕೆರೆಯ ಪ್ಲಾಟ್‌ಫಾರಂನಲ್ಲೇ ಇದ್ದಾಳೆ. ಕಲ್ಲುಬೆಂಚಿನ ಮೇಲೆ ಕುಳಿತು, ಯಾರಿಗೋ ಕಟ್ಟಿಕೊಂಡು ತಂದಿದ್ದ ಬುತ್ತಿಯನ್ನು ಬಿಚ್ಚಿ, ಒಬ್ಬಳೇ, ನಿಧಾನವಾಗಿ, ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳೆ.

– ಸಂಪಾದಕ