ಅಳತೆಗಂಬ ಸೇತುವೆ ಬಳಿ, ಹೊಸಿಲು ನಿಮ್ಮ ಮನೆಯಲ್ಲಿ

ಓದುಗರ ಪತ್ರ: "ನಾಲ್ಕು ದಿನದಿಂದ ನಮ್ಮೂರ ನದಿ ಏರುತ್ತಿದೆ. ಗಂಟೆಗೊಮ್ಮೆ ಫೋನಿನಲ್ಲಿ ಮಟ್ಟ ನೋಡುವುದೇ ನನ್ನ ಕೆಲಸವಾಗಿದೆ. ಅಪಾಯದ ಮಟ್ಟಕ್ಕಿಂತ 60 ಸೆಂಟಿಮೀಟರ್ ಮೇಲೆ ಅಂತ ತೋರಿಸುತ್ತಿದೆ, ಆದರೆ ನಮ್ಮ ಬೀದಿ ಒಣಗಿಯೇ ಇದೆ. ನದಿಯಿಂದ ಇನ್ನೂ ದೂರ ಇರುವ ಹಿಂದಿನ ಓಣಿಯಲ್ಲಿ ಮಾತ್ರ ಮೊಣಕಾಲುದ್ದ ನೀರು! ಮಳೆ ನಿಂತು ಎರಡು ದಿನ ಆಯ್ತು. ಬಿಸಿಲೂ ಬಂದಿದೆ. ನದಿ ಏರುತ್ತಲೇ ಇದೆ. 'ನೂರು ವರ್ಷಕ್ಕೊಮ್ಮೆ ಬರುವ ನೆರೆ ಆಗಲೇ ಬಂದು ಹೋಗಿದೆ, ಇನ್ನೇನು ಭಯ' ಅಂತ ಪಕ್ಕದ ಮನೆಯವರು. 'ನದಿಗೇನು ಜ್ವರ ಬಂದಿದೆಯಾ, ಗಂಟೆಗೊಮ್ಮೆ ನೋಡೋಕೆ' ಅಂತ ನಮ್ಮ ಮನೆಯವರು. ಆ ಸಂಖ್ಯೆಯನ್ನು ನಾನು ಎಷ್ಟು ನಂಬಬೇಕು? ಇನ್ನೊಂದು ವಿಷಯ. ಹಳೆಯ ನೆರೆಯ ಕಲೆ ನಮ್ಮ ಗೋಡೆ ಮೇಲೆ ಇನ್ನೂ ಇದೆ. ಬಣ್ಣ ಹೊಡೆಸುವಾಗ ಅಳಿಸಿಬಿಡಲಾ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಕೈಸೇರಿದಾಗ ನದಿ ಏರುತ್ತಿತ್ತು. ಈ ಉತ್ತರ ಅಚ್ಚಾಗುವ ಹೊತ್ತಿಗೆ ಇಳಿದಿರುತ್ತದೆ. ಪತ್ರಿಕೆಯ ವೇಗ ಅಷ್ಟೇ, ಏನು ಮಾಡೋದು. ತುರ್ತಿನ ಮಾತುಗಳನ್ನು ಅಂದೇ ಫೋನಿನಲ್ಲಿ ಹೇಳಿದ್ದೇವೆ. ಉಳಿದದ್ದು ಇಲ್ಲಿದೆ. ಮುಂದಿನ ಸಲ ನೀರು ಏರುವಾಗ ಬೇರೆಯವರಿಗೂ ಬೇಕಾಗಬಹುದು.

ಮೊದಲು ನಗುವವರ ವಿಚಾರ ಮುಗಿಸೋಣ. ನದಿಯ ಮಟ್ಟ ನೋಡುತ್ತಾ ಕೂರುವುದು ಹೊಸ ಗೀಳೇನಲ್ಲ. ಕೈರೋದ ರೋಡಾ ದ್ವೀಪದಲ್ಲಿ 861ರಲ್ಲಿ ಕಟ್ಟಿದ ನೈಲ್ ಮಾಪಕ ಇಂದಿಗೂ ಇದೆ. ಬಾವಿಯಂಥ ಗುಂಡಿ, ನಡುವೆ ಗೆರೆ ಕೊರೆದ ಕಲ್ಲಿನ ಕಂಬ. ನೀರು ಯಾವ ಗೆರೆ ಮುಟ್ಟಿತು ಅನ್ನುವುದನ್ನು ನೋಡಿ ಆ ವರ್ಷದ ಬೆಳೆ ಎಷ್ಟು, ತೆರಿಗೆ ಎಷ್ಟು ಅಂತ ಅಂದಾಜು ಮಾಡುತ್ತಿದ್ದರು. ಪ್ಯಾರಿಸ್‌ನಲ್ಲಿ ಜನ ಇವತ್ತಿಗೂ ಆಲ್ಮಾ ಸೇತುವೆಯ ಸೈನಿಕನ ಪ್ರತಿಮೆಯನ್ನೇ ನೋಡುತ್ತಾರೆ. ಪಾದ ನೆನೆಯಿತಾ, ತೊಡೆಗೆ ಬಂತಾ ಅಂತ. 1910ರ ನೆರೆಯಲ್ಲಿ ನೀರು ಅವನ ಭುಜಕ್ಕೆ ಬಂದಿತ್ತು. ಹಾಗಾಗಿ ಧೈರ್ಯವಾಗಿ ನೋಡಿ. ಆದರೆ ನೋಡುತ್ತಿರುವುದು ಏನನ್ನು ಅಂತ ಗೊತ್ತಿರಲಿ.

ಫೋನಿನಲ್ಲಿ ಬರುವ ಆ ಸಂಖ್ಯೆ ನದಿಯ ಆಳ ಅಲ್ಲ. ನಿಮ್ಮೂರ ನೀರಿನ ಎತ್ತರವೂ ಅಲ್ಲ. ಎಲ್ಲೋ ಒಂದು ಸೇತುವೆ ಬಳಿ ಒಂದು ಅಳತೆಗಂಬ ಇದೆ, ಅಥವಾ ಸೇತುವೆಯ ಅಡಿಯಲ್ಲಿ ರೇಡಾರ್ ಕೂರಿಸಿದ್ದಾರೆ. ಆ ಒಂದು ಜಾಗದಲ್ಲಿ ನೀರಿನ ಮೇಲ್ಮೈ ಎಷ್ಟು ಎತ್ತರದಲ್ಲಿದೆ ಅನ್ನುವುದಷ್ಟೇ ಆ ಸಂಖ್ಯೆ. ಅದರ ಸೊನ್ನೆಯೂ ನದಿಯ ತಳ ಅಲ್ಲ, ಅಳೆಯುವವರು ಅನುಕೂಲಕ್ಕೆ ಹಿಡಿದುಕೊಂಡ ಒಂದು ಬಿಂದು. ಕೆಲವು ಕಡೆ ಸಮುದ್ರ ಮಟ್ಟದಿಂದ ಎಣಿಸುತ್ತಾರೆ. ಹಾಗಾಗಿ 'ಮೇಲಿನ ಊರಲ್ಲಿ 9 ಮೀಟರ್, ನಮ್ಮಲ್ಲಿ ಬರೀ 6' ಅನ್ನುವ ಹೋಲಿಕೆಗೆ ಅರ್ಥವೇ ಇಲ್ಲ. ಹೋಲಿಸುವುದಿದ್ದರೆ ಅದೇ ಕಂಬದ ನಿನ್ನೆಯ ಸಂಖ್ಯೆಗೆ ಹೋಲಿಸಿ.

ಅಪಾಯದ ಮಟ್ಟ ಅನ್ನುವುದೂ ಆ ಕಂಬಕ್ಕೆ ಕಟ್ಟಿದ ಗೆರೆಯೇ. ಅಷ್ಟು ಏರಿದರೆ ಆಸುಪಾಸಿನ ತಗ್ಗು ಜಾಗಗಳಿಗೆ ಹಾನಿ ಶುರು ಅಂತ ಅರ್ಥ. ನದಿಯ ನೀರು ಸಮತಟ್ಟಾಗಿ ನಿಂತಿರುವುದಿಲ್ಲ, ಇಳಿಜಾರಿನಲ್ಲಿ ಹರಿಯುತ್ತಿರುತ್ತದೆ. ನಿಮ್ಮ ಮನೆ ಕಂಬಕ್ಕಿಂತ ಎರಡು ಕಿಲೋಮೀಟರ್ ಮೇಲಿದ್ದರೆ ನೀರಿನ ಎತ್ತರವೇ ಬೇರೆ. ನಡುವೆ ತಿರುವು, ಸೇತುವೆ, ಏರಿ ಇದ್ದರೆ ಇನ್ನೂ ಬೇರೆ.

ಅಂದರೆ ಆ ಸಂಖ್ಯೆಯನ್ನು ನಿಮ್ಮ ಹೊಸಿಲಿಗೆ ನೀವೇ ಹೊಂದಿಸಿಕೊಳ್ಳಬೇಕು. ಬೇರೆ ಯಾರೂ ಮಾಡಿಕೊಡುವುದಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಸುರಕ್ಷಿತ ದೂರದಿಂದ ಕಣ್ಣಿಗೆ ಬೀಳುವ ನಾಲ್ಕೈದು ಗುರುತು ಹಿಡಿಯಿರಿ. ದಂಡೆಯ ಕೊನೆಯ ಮೆಟ್ಟಿಲು, ಸೇತುವೆಯ ಕಮಾನು, ತಗ್ಗಿನ ರಸ್ತೆಯ ತಿರುವು, ಬೀದಿಯ ಮೋರಿ. ನೀರು ಯಾವುದನ್ನು ಮುಟ್ಟಿದಾಗ ಮಾಪಕ ಎಷ್ಟು ತೋರಿಸಿತು ಅಂತ ಬರೆದಿಡಿ. ತಾರೀಕು, ಗಂಟೆಯ ಸಮೇತ. ಒಂದು ಮಳೆಗಾಲದಲ್ಲಿ ಎರಡು ಸಾಲು ಸಿಕ್ಕರೂ ಲಾಭವೇ.

ಆ ಪಟ್ಟಿಯಲ್ಲಿ ಮುಖ್ಯವಾದ ಸಾಲು ಯಾವುದು ಗೊತ್ತಾ? ಎಲ್ಲರೂ ಮನೆಯ ಬಾಗಿಲು ಅಂದುಕೊಳ್ಳುತ್ತಾರೆ. ಅಲ್ಲ. ಊರಿಂದ ಹೊರಗೆ ಹೋಗುವ ರಸ್ತೆ ಮುಳುಗುವ ಸಂಖ್ಯೆ. ಎಷ್ಟೋ ಮನೆಗಳಿಗೆ ನೀರು ಬರುವ ಮುಂಚೆಯೇ ದಾರಿ ಹೋಗಿರುತ್ತದೆ. ಮನೆ ಒಣಗಿರುತ್ತದೆ, ಮನೆಯವರು ದ್ವೀಪದಲ್ಲಿರುತ್ತಾರೆ.

ಲೆಕ್ಕ ಸುಲಭ. ಆ ರಸ್ತೆಗೆ ಇನ್ನು 80 ಸೆಂಟಿಮೀಟರ್ ಬಾಕಿ ಇದೆ, ನದಿ ಗಂಟೆಗೆ 10 ಸೆಂಟಿಮೀಟರ್ ಏರುತ್ತಿದೆ ಅಂದುಕೊಳ್ಳಿ. ಎಂಟು ಗಂಟೆ ಸಿಕ್ಕಿತು. ಈಗ ಸಂಜೆ ಐದಾಗಿದ್ದರೆ ಆ ಎಂಟನೇ ಗಂಟೆ ರಾತ್ರಿ ಒಂದಕ್ಕೆ ಬರುತ್ತದೆ. ಕತ್ತಲಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೊರಡುತ್ತೀರಾ? ಬೆಳಕಿರುವಾಗಲೇ ಹೊರಡಿ. ಇದಕ್ಕೇ ನಾವು ಎತ್ತರಕ್ಕಿಂತ ವೇಗ ನೋಡಿ ಅನ್ನುವುದು. ಅಪಾಯದ ಮಟ್ಟದ ಮೇಲೆ ಎರಡು ದಿನ ಅಲ್ಲಾಡದೆ ನಿಂತ ನದಿಗಿಂತ, ಕೆಳಗಿದ್ದೂ ಗಂಟೆಗೆ ಅರ್ಧ ಮೀಟರ್ ಏರುವ ನದಿಗೆ ಜಾಸ್ತಿ ಹೆದರಬೇಕು.

ಇಲ್ಲೊಂದು ಮೋಸ ಇದೆ. ನದಿ ದಂಡೆ ದಾಟಿ ಬಯಲಿಗೆ ಹರಡಲು ಶುರು ಮಾಡಿದಾಗ ಏರಿಕೆ ಒಮ್ಮೆಲೇ ನಿಧಾನವಾಗುತ್ತದೆ. ಲೋಟ ತುಂಬಿ ತಟ್ಟೆಗೆ ಚೆಲ್ಲಿದ ಹಾಗೆ. ಮಾಪಕ ನೋಡುವವರು 'ಸದ್ಯ, ನಿಲ್ಲುತ್ತಿದೆ' ಅಂತ ಉಸಿರು ಬಿಡುತ್ತಾರೆ. ಬರುವ ನೀರು ಒಂದು ಚೂರೂ ಕಡಿಮೆಯಾಗಿರುವುದಿಲ್ಲ. ಹೀಗಾಗಿ ಮಟ್ಟದ ಜೊತೆ ಹರಿವನ್ನೂ ನೋಡಿ. ಮಟ್ಟ ಮೀಟರಿನಲ್ಲೋ ಅಡಿಯಲ್ಲೋ ಇರುತ್ತದೆ. ಹರಿವು ಕ್ಯೂಸೆಕ್ಕಿನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ. ಸೆಕೆಂಡಿಗೆ ಘನ ಮೀಟರ್ ಆದರೆ ಕ್ಯೂಮೆಕ್. ಒಂದು ಕ್ಯೂಮೆಕ್ ಅಂದರೆ ಸುಮಾರು 35 ಕ್ಯೂಸೆಕ್. ಒಮ್ಮೆ ನಾವೇ ಕ್ಯೂಮೆಕ್ ಇದ್ದಲ್ಲಿ ಕ್ಯೂಸೆಕ್ ಅಂತ ಅಚ್ಚು ಹಾಕಿ, ತುಂಬಿ ಹರಿಯುವ ನದಿಯನ್ನು ಹಳ್ಳ ಮಾಡಿದ್ದೆವು. ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬಂತು, ನೀರು ಇಳಿದ ಮೇಲೆ!

ಇನ್ನು ಬಿಸಿಲಲ್ಲಿ ಏರುವ ನದಿ. ನಿಮ್ಮ ಕಣ್ಣಮುಂದೆ ಹೋಗುತ್ತಿರುವುದು ಇವತ್ತಿನ ಮಳೆ ಅಲ್ಲ. ಮೇಲ್ಗಡೆ ಬೆಟ್ಟದಲ್ಲಿ, ಉಪನದಿಗಳಲ್ಲಿ ಮೊನ್ನೆ ಬಿದ್ದದ್ದು ಈಗ ನಿಮ್ಮೂರು ತಲುಪಿದೆ. ಸಣ್ಣ ಹಳ್ಳದಲ್ಲಿ ನೆರೆ ಒಂದೆರಡು ಗಂಟೆಯಲ್ಲೇ ಬಂದುಬಿಡುತ್ತದೆ, ದೊಡ್ಡ ನದಿಯಲ್ಲಿ ದಿನಗಟ್ಟಲೆ ಪ್ರಯಾಣ ಮಾಡುತ್ತದೆ. ಮೇಲೆ ಅಣೆಕಟ್ಟು ಇದ್ದರೆ ಗೇಟ್ ಎತ್ತಿದ ಹೊತ್ತೂ ಸೇರಿಕೊಳ್ಳುತ್ತದೆ. ಅದಕ್ಕೇ ನಿಮ್ಮ ತಲೆ ಮೇಲಿನ ಮೋಡ ನೋಡಬೇಡಿ, ಮೇಲಿನ ಊರಿನ ಮಾಪಕ ನೋಡಿ. ಅಲ್ಲಿ ನೀರು ನೆತ್ತಿ, ಅಂದರೆ ಅತಿ ಎತ್ತರದ ಮಟ್ಟ, ತಲುಪಿದ ಎಷ್ಟು ಹೊತ್ತಿಗೆ ನಿಮ್ಮಲ್ಲಿ ನೆತ್ತಿ ಬಂತು ಅಂತ ಈ ಸಲ ಗುರುತು ಹಾಕಿಕೊಂಡರೆ, ಮುಂದಿನ ಸಲ ಅಷ್ಟು ಹೊತ್ತು ಮುಂಚೆಯೇ ಗೊತ್ತಾಗುತ್ತದೆ. ಕರಾರುವಾಕ್ಕಾಗಿ ಅಲ್ಲ, ಆದರೂ ಅಂದಾಜಿಗೆ ಸಾಕು.

ಹಿಂದಿನ ಓಣಿಯ ನೀರು ಬಹುಶಃ ದಂಡೆ ಹಾರಿ ಬಂದದ್ದಲ್ಲ. ಚರಂಡಿಯಿಂದ ಬಂದದ್ದು. ಊರಿನ ಮೋರಿಗಳೆಲ್ಲ ಕೊನೆಗೆ ನದಿಗೇ ಬಿಡುತ್ತವೆ ಅಲ್ವಾ? ನದಿ ಮೋರಿಯ ಬಾಯಿಗಿಂತ ಮೇಲೇರಿದರೆ ಊರಿನ ನೀರು ಹೊರಹೋಗುವುದಿಲ್ಲ, ನದಿಯ ನೀರೇ ಕೊಳವೆಯೊಳಗೆ ಹಿಂದಕ್ಕೆ ನುಗ್ಗುತ್ತದೆ. ಆಗ ತುಂಬುವುದು ತಗ್ಗಿನ ಓಣಿ. ನದಿಗೆ ಹತ್ತಿರವೋ ದೂರವೋ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಮನೆಯ ಕೊಳವೆಗೆ ಒಮ್ಮುಖ ಕವಾಟ ಹಾಕಿಸುವುದು ಇದಕ್ಕೇ. ಚರಂಡಿ ನೀರಲ್ಲಿ ಏನೇನಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳನ್ನು ಅದರಲ್ಲಿ ಆಡಲು ಬಿಡಬೇಡಿ.

ಪಕ್ಕದ ಮನೆಯವರಿಗೆ ನಮ್ಮ ನಮಸ್ಕಾರ ತಿಳಿಸಿ. ನೂರು ವರ್ಷದ ನೆರೆ ಅಂದರೆ ನೂರು ವರ್ಷಕ್ಕೆ ಒಂದು ಸರದಿ ಅಂತಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಅಂತ. ಹೋದ ವರ್ಷ ಬಂದಿದ್ದರೂ ಈ ವರ್ಷದ ಸಾಧ್ಯತೆ ಅಷ್ಟೇ ಇರುತ್ತದೆ. ಒಂದೇ ಮನೆಯಲ್ಲಿ 30 ವರ್ಷ ಇದ್ದರೆ ಅಂಥ ನೆರೆ ಒಮ್ಮೆಯಾದರೂ ನೋಡುವ ಸಾಧ್ಯತೆ ಶೇ 26. ಹೆಸರಿಟ್ಟವರು ಸ್ವಲ್ಪ ಯೋಚಿಸಿ ಇಡಬಹುದಿತ್ತು ಅಂತ ನಮಗೂ ಅನ್ನಿಸುತ್ತದೆ.

ಈಗ ನೀವು ಕೇಳಿದ ಪ್ರಶ್ನೆ. ಎಷ್ಟು ನಂಬಬೇಕು? ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ಊರಿನ ಕಥೆ ಕೇಳಿ. 1997ರಲ್ಲಿ ಹಿಮ ಕರಗಿ ರೆಡ್ ನದಿ ಏರಿತು. 49 ಅಡಿಗೆ ಏರಬಹುದು ಅಂತ ಮುನ್ಸೂಚನೆ ವಾರಗಳ ಮುಂಚೆಯೇ ಇತ್ತು. ಊರಿನ ಜನ ಆ 49 ಅನ್ನೇ ಗಟ್ಟಿಯಾಗಿ ಹಿಡಿದರು. ಅದಕ್ಕಿಂತ ಸ್ವಲ್ಪ ಎತ್ತರಕ್ಕೆ ಮರಳು ಚೀಲ ಪೇರಿಸಿದರು. ಕೊನೆ ದಿನಗಳಲ್ಲಿ ಮುನ್ಸೂಚನೆ ಏರಿಸುತ್ತಾ ಹೋದರು, ನದಿ ಅದಕ್ಕಿಂತ ಬೇಗ ಏರಿತು. ಏಪ್ರಿಲ್‌ನಲ್ಲಿ 54 ಅಡಿ ದಾಟಿತು. ಊರಿನ ಬಹುಪಾಲು ಖಾಲಿ ಮಾಡಬೇಕಾಯಿತು. ನೀರು ತುಂಬಿದ ಪೇಟೆಯಲ್ಲೇ ಬೆಂಕಿ ಬಿದ್ದು ಕಟ್ಟಡಗಳು ಸುಟ್ಟುಹೋದವು. ಮುನ್ಸೂಚನೆ ಅಂದಮೇಲೆ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಆ 'ಹೆಚ್ಚು ಕಡಿಮೆ' ಜನರ ಕಿವಿಗೆ ಬೀಳಲಿಲ್ಲ, ಬರೀ 49 ಬಿತ್ತು.

ಮಾಪಕವೂ ಸಾಯುತ್ತದೆ. 2021ರ ಜುಲೈನಲ್ಲಿ ಜರ್ಮನಿಯ ಆರ್ ನದಿ ಉಕ್ಕಿದಾಗ ಆಲ್ಟೆನಾರ್ ಊರಿನ ಮಾಪಕದ ಹಳೆಯ ದಾಖಲೆ 4 ಮೀಟರಿಗಿಂತ ಕಡಿಮೆ ಇತ್ತು. ಆ ರಾತ್ರಿ ನೀರು 5 ಮೀಟರ್ ದಾಟಿತು, ಆಮೇಲೆ ಮಾಪಕವೇ ಹಾಳಾಗಿ ಸಂಖ್ಯೆ ಬರುವುದು ನಿಂತಿತು. ನದಿ ನಿಲ್ಲಲಿಲ್ಲ. ಆದ್ದರಿಂದ ಸಂಖ್ಯೆ ತುಂಬಾ ಹೊತ್ತು ಬದಲಾಗದಿದ್ದರೆ ಮೊದಲು ಅದು ಎಷ್ಟು ಗಂಟೆಯದ್ದು ಅಂತ ನೋಡಿ. ಫೋನಿನ ನಕ್ಷೆಯಲ್ಲಿ ಏರುತ್ತಿದ್ದ ಮಟ್ಟದ ಗೆರೆ ಥಟ್ಟನೆ ಕಡಿದುಹೋದರೆ ಅದನ್ನು ಸಮಾಧಾನ ಅಂದುಕೊಳ್ಳಬೇಡಿ, ಎಚ್ಚರಿಕೆ ಅಂದುಕೊಳ್ಳಿ. ಸೇತುವೆಗೆ ಮರ ಸಿಕ್ಕಿಕೊಂಡರೆ, ಏರಿ ಒಡೆದರೆ ನಿಮ್ಮ ಎಂಟು ಗಂಟೆಯ ಲೆಕ್ಕವೂ ಕೆಡುತ್ತದೆ. ಹೊರಡಿ ಅಂತ ಹೇಳಿಕೆ ಬಂದರೆ ನೋಟ್‌ಬುಕ್ ತೆಗೆದು ವಾದ ಮಾಡಬೇಡಿ.

ಮನೆ ಬಿಡುವಾಗ ಕರೆಂಟಿನ ಮೇನ್ ಆಫ್ ಮಾಡಿ. ನೀರು ಬರುವ ಮುಂಚೆ, ಕೈ ಕಾಲು ಒಣಗಿರುವಾಗ. ನೀರಲ್ಲಿ ನಿಂತುಕೊಂಡು ಸ್ವಿಚ್ ಮುಟ್ಟಬೇಡಿ. ಹರಿಯುವ ನೀರಿನೊಳಗೆ ಇಳಿಯಲೇಬೇಡಿ. 15 ಸೆಂಟಿಮೀಟರ್ ನೀರು, ಅಂದರೆ ಪಾದ ಮುಳುಗಿ ಸ್ವಲ್ಪ ಮೇಲೆ ಬರುವಷ್ಟು, ಸೆಳೆತ ಜೋರಿದ್ದರೆ ದೊಡ್ಡವರನ್ನೂ ಕೆಡವುತ್ತದೆ. 30 ಸೆಂಟಿಮೀಟರಿಗೆ ಸಣ್ಣ ಕಾರು ತೇಲುತ್ತದೆ, 60ಕ್ಕೆ ಹೆಚ್ಚಿನ ವಾಹನಗಳು ಕೊಚ್ಚಿಹೋಗುತ್ತವೆ. ಸುಮ್ನೆ ನೋಡಿಕೊಂಡು ಬರುತ್ತೇನೆ ಅಂತ ರಾತ್ರಿ ದಂಡೆಗೆ ಹೋಗುವವರಿಗೂ ಈ ಮಾತು ಸೇರುತ್ತದೆ.

ಇಳಿಯುವ ನದಿಯನ್ನು ಯಾರೂ ನೋಡುವುದಿಲ್ಲ. ನೋಡಬೇಕು. ನೀರು ಬೇಗ ಇಳಿದರೆ ನೆನೆದ ದಂಡೆಗೆ ಆಸರೆ ತಪ್ಪಿ ಕುಸಿಯುತ್ತದೆ. ನೆಲಮಾಳಿಗೆ ತುಂಬಿದ್ದರೆ ಪಂಪ್ ಇಟ್ಟು ಒಂದೇ ದಿನ ಖಾಲಿ ಮಾಡಬೇಡಿ. ಹೊರಗಿನ ಮಣ್ಣು ಇನ್ನೂ ನೀರು ಕುಡಿದು ಭಾರವಾಗಿರುತ್ತದೆ, ಒಳಗೆ ಖಾಲಿಯಾದ ಕೂಡಲೇ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪ ತೆಗೆಯಿರಿ. ನೆರೆ ನೀರು ಹೊಕ್ಕ ಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ.

ಕೊನೆಗೆ ಗೋಡೆಯ ಕಲೆ. ದಯವಿಟ್ಟು ಅಳಿಸಬೇಡಿ. ಬಣ್ಣದವರಿಗೆ ಹೇಳಿ ಒಂದು ಗೇಣು ಜಾಗ ಬಿಡಿಸಿ. ಕಲೆಯ ಮೇಲಂಚಿಗೆ ಅಡ್ಡಗೆರೆ ಎಳೆಯಿರಿ. ನೀರು ಅಲ್ಲಿಗೆ ಬಂದ ತಾರೀಕು ಹಾಕಿ, ಆ ಹೊತ್ತಿನ ಮಾಪಕದ ಸಂಖ್ಯೆ ಸಿಕ್ಕರೆ ಪಕ್ಕದಲ್ಲೇ ಬರೆಯಿರಿ. ಹಳೆಯ ಸಂಖ್ಯೆಗಳನ್ನು ನದಿ ಅಳೆಯುವ ಇಲಾಖೆಯಲ್ಲಿ ಕೇಳಿ ನೋಡಬಹುದು. ಆಮೇಲೆ ಕಟ್ಟಿದ ಸೇತುವೆ, ಏರಿ ಏನಾದರೂ ಇದ್ದರೆ ಅದನ್ನೂ ಬರೆಯಿರಿ, ಯಾಕೆಂದರೆ ಅದೇ ಸಂಖ್ಯೆಗೆ ಈಗ ನೀರು ಬೇರೆ ಎತ್ತರಕ್ಕೆ ಬರಬಹುದು. ಈ ಸಲದ ನೀರು ಎಲ್ಲಿಗೆ ನಿಂತಿತೋ ಅಲ್ಲಿಗೂ ಒಂದು ಗೆರೆ ಹಾಕಿ, ಫೋಟೊ ತೆಗೆದು ನಮಗೆ ಕಳಿಸಿ.