ಮರುಭೂಮಿಯ ಊರಿನಲ್ಲಿ ಮದುವೆ: ಹಗಲಿನ ಬಿಡುವಿಗೆ ಏನಿದೆ?

ಪ್ರಶ್ನೆ: ನನ್ನ ಅಣ್ಣನ ಮಗನ ಮದುವೆ ಮಾರ್ಚ್ ಕೊನೆಯ ವಾರ ಅಮೆರಿಕದ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್ ಎಂಬ ಊರಿನ ರೆಸಾರ್ಟ್ ಒಂದರಲ್ಲಿ ನಡೆಯಲಿದೆ. ನಮ್ಮ ಕಡೆಯಿಂದ ಹೊರಡುವವರಲ್ಲಿ ಮಂಡಿನೋವಿನ ಹಿರಿಯರೂ ಇದ್ದಾರೆ, ಕಾಲೇಜು ಓದುವ ಮಕ್ಕಳೂ ಇದ್ದಾರೆ. ಶಾಸ್ತ್ರಗಳೆಲ್ಲ ಸಂಜೆಗಿರುವುದರಿಂದ ಹಗಲು ಬಿಡುವು. ಬರೀ ಮರುಭೂಮಿಯಲ್ಲಿ ನೋಡುವಂಥದ್ದು ಏನಿದೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮರಳುದಿಬ್ಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಪಾಮ್ ಸ್ಪ್ರಿಂಗ್ಸ್ ಇರುವ ಕೋಚೆಲ್ಲಾ ಕಣಿವೆಯ ಸುತ್ತ ಕಲ್ಲುಬೆಟ್ಟಗಳಿವೆ; ಊರಿನ ಬೆನ್ನಿಗೇ ಸ್ಯಾನ್ ಹಸಿಂಟೊ ಶಿಖರ 10,834 ಅಡಿ ಎತ್ತರಕ್ಕೆ ನಿಂತಿದೆ. ಒಂದೇ ಹಗಲು ಸಿಕ್ಕಿದರೂ ಅದನ್ನು ಈ ಬೆಟ್ಟಕ್ಕೇ ಕೊಡಿ. 1963ರಲ್ಲಿ ಆರಂಭವಾದ ಇಲ್ಲಿನ ಕೇಬಲ್ ಕಾರ್ ಸುಮಾರು 10 ನಿಮಿಷಗಳಲ್ಲಿ 2,643 ಅಡಿಯಿಂದ 8,516 ಅಡಿಗೆ ಏರುತ್ತದೆ, ಅಂದರೆ ನೀವು ಇಳಿಯುವ ಜಾಗ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ 2,000 ಅಡಿ ಮೇಲಿರುತ್ತದೆ. ಕಾರಿನ ನೆಲವೇ ನಿಧಾನವಾಗಿ ತಿರುಗುವುದರಿಂದ ಕಿಟಕಿಯ ಬದಿಗಾಗಿ ಯಾರೂ ಜಗಳವಾಡಬೇಕಿಲ್ಲ. ಕೆಳಗೆ ಕಳ್ಳಿಗಿಡ, ಮೇಲೆ ಪೈನ್ ಕಾಡು. ಮಾರ್ಚ್‌ನಲ್ಲಿ ಹಿಮವೂ ಇರಬಹುದಾದ್ದರಿಂದ ಎಲ್ಲರಿಗೂ ಸ್ವೆಟರ್ ಬೇಕು. ಹೃದಯದ ಅಥವಾ ಉಸಿರಾಟದ ತೊಂದರೆಯಿರುವ ಹಿರಿಯರು ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಲಿ.

ತೆಂಗಿನ ತೋಟ ಕಂಡವರಿಗೆ ಅದೇ ಕಣಿವೆಯ ಇಂಡಿಯೊ ಎಂಬ ಊರಿನ ಕಡೆಯ ಖರ್ಜೂರದ ತೋಟಗಳು ಖಂಡಿತ ಹಿಡಿಸುತ್ತವೆ. ಈ ಮರಗಳು ಅಲ್ಲಿಯವಲ್ಲ; ಕಳೆದ ಶತಮಾನದ ಆರಂಭದಲ್ಲಿ ಅಲ್ಜೀರಿಯಾ, ಇರಾಕ್ ಮೊದಲಾದ ಕಡೆಗಳಿಂದ ಕಂದುಗಳನ್ನು ತರಿಸಿ ನೆಟ್ಟು ಬೆಳೆಸಿದವು. ಖರ್ಜೂರದಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಗಾಳಿಯನ್ನು ನೆಚ್ಚಿಕೊಂಡರೆ ಫಸಲು ಸಾಲದೆಂದು, ನೀವು ಹೋಗುವ ಹೊತ್ತಿಗೆ ಸರಿಯಾಗಿ, ಆಳುಗಳು ಏಣಿ ಹತ್ತಿ ಗಂಡು ಹೂವಿನ ಪರಾಗವನ್ನು ಒಂದೊಂದು ಹೆಣ್ಣು ಹೊಂಬಾಳೆಗೂ ಕೈಯಾರೆ ಹಾಕುತ್ತಿರುತ್ತಾರೆ. ಕಾಯಿ ಬಲಿಯುವ ಕಾಲಕ್ಕೆ ಗೊನೆಗಳಿಗೆ ಚೀಲ ಕಟ್ಟುತ್ತಾರೆ. 1924ರಿಂದ ನಡೆಯುತ್ತಿರುವ ಶೀಲ್ಡ್ಸ್ ತೋಟದಲ್ಲಿ ಖರ್ಜೂರದ ಮಿಲ್ಕ್‌ಶೇಕ್ ಸಿಗುತ್ತದೆ. ಸಕ್ಕರೆ ಕಾಯಿಲೆಯವರು ಒಂದು ಲೋಟವನ್ನು ಹಂಚಿಕೊಂಡರೆ ಸಾಕು.

ಮಕ್ಕಳನ್ನು ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ಕಳುಹಿಸಿ. ಒಂದು ಗಂಟೆಯ ದಾರಿ. ಮೊಹಾವಿ ಮತ್ತು ಕೊಲರಾಡೊ ಎಂಬ ಎರಡು ಮರುಭೂಮಿಗಳು ಕೂಡುವ ಆ ಜಾಗದಲ್ಲಿ ಊಟ, ಪೆಟ್ರೋಲ್ ಎರಡೂ ಸಿಗುವುದಿಲ್ಲ, ಮೊಬೈಲ್ ಸಿಗ್ನಲ್ ಕೂಡ ಬಹುತೇಕ ಇರುವುದಿಲ್ಲ; ನೀರು, ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಚೋಯಾ ಎಂಬ ಕಳ್ಳಿಯ ತೋಟದಲ್ಲಿ ಮಾತ್ರ ಕಾಲುದಾರಿ ಬಿಟ್ಟು ಕದಲಬಾರದು, ಮುಟ್ಟಿದರೆ ಅದರ ತುಂಡೇ ಕಿತ್ತು ಬಟ್ಟೆಗೆ ಅಂಟಿಕೊಳ್ಳುತ್ತದೆ. ರೇಷ್ಮೆ ಸೀರೆಯಲ್ಲಿ ಫೋಟೊ ತೆಗೆಸಿಕೊಳ್ಳುವ ಆಸೆ ಅಲ್ಲಿ ಬೇಡ.

ಸ್ವಲ್ಪ ನಡೆಯಬಲ್ಲ ಹಿರಿಯರಿಗೆ ಅಗ್ವಾ ಕಲಿಯೆಂತೆ ಕವಿಯಾ ಬುಡಕಟ್ಟಿನವರ ಒಡೆತನದ ಇಂಡಿಯನ್ ಕ್ಯಾನ್ಯನ್ಸ್ ಎಂಬ ಕಣಿವೆಗಳ ತಾಣ ಒಳ್ಳೆಯದು. ಅದರಲ್ಲೂ ಆಂಡ್ರಿಯಾಸ್ ಕಣಿವೆಯಲ್ಲಿ ತೊರೆಯ ಪಕ್ಕ, ಬೀಸಣಿಗೆ ಗರಿಯ ತಾಳೆಮರಗಳ ನೆರಳಿನಲ್ಲಿ ಒಂದು ಮೈಲಿಯಷ್ಟೇ ಸುತ್ತು. ಬೆಳಿಗ್ಗೆಯೇ ಹೋಗಿ ಬಂದರೆ ಮಧ್ಯಾಹ್ನ ಮಲಗೆದ್ದು ಸಂಜೆಯ ಶಾಸ್ತ್ರಕ್ಕೆ ಸಿದ್ಧರಾಗಬಹುದು. ಸಾಲ್ಟನ್ ಸರೋವರವನ್ನೂ ಕೆಲವರು ಹೇಳಿಯಾರು. 1905ರಲ್ಲಿ ಕೊಲರಾಡೊ ನದಿ ನಾಲೆಯೊಡೆದು ನುಗ್ಗಿ ಆದ ಉಪ್ಪುನೀರಿನ ಕೆರೆ ಅದು. ಕಥೆ ಚೆನ್ನಾಗಿದೆ, ದಡದ ವಾಸನೆ ಚೆನ್ನಾಗಿಲ್ಲ. ಮದುವೆಗೆ ಹೋದವರು ಬಿಡಬಹುದು.

ಪ್ರಶ್ನೆ: ನಮ್ಮ ಬೀಗರು ಅದೇ ಊರಿನಲ್ಲಿ ಜುಲೈನಲ್ಲಿ ಮದುವೆ ಇಟ್ಟುಕೊಂಡಿದ್ದಾರೆ. ಹಗಲು ತಿರುಗಾಡಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. 2024ರ ಜುಲೈ 5ರಂದು ಅಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಆ ತಿಂಗಳಲ್ಲಿ 40 ದಾಟುವುದು ನಿತ್ಯದ ಮಾತು. ಹಗಲಿನಲ್ಲಿ ಬೆಟ್ಟದ ಕೇಬಲ್ ಕಾರ್ ಅಥವಾ ಹವಾನಿಯಂತ್ರಿತ ಕಲಾ ಮ್ಯೂಸಿಯಂ, ಗುರುವಾರವಾದರೆ ಸಂಜೆ ಪಾಮ್ ಕ್ಯಾನ್ಯನ್ ಡ್ರೈವ್ ರಸ್ತೆಯಲ್ಲಿ ವಾಹನ ನಿಲ್ಲಿಸಿ ನಡೆಸುವ ಸಂತೆ, ಇಷ್ಟಕ್ಕೇ ನಿಲ್ಲಿಸಿ.